ಅರವತ್ತು ತಿರುವು, ಅರವತ್ತು ಅಜ್ಜಂದಿರು

ರಂಪಾ ದೊಡ್ಡಮ್ಮ ವ್ಯಾನಿನ ಹಿಂದಿನ ಸೀಟಿನಲ್ಲಿ ಮೂಗಿಗೆ ಕರ್ಪೂರದ ಕಡ್ಡಿ ಹಿಡಿದು, ಕಣ್ಣು ಮುಚ್ಚಿ, "ಇನ್ನೆಷ್ಟು ತಿರುವಪ್ಪಾ?" ಎಂದು ಕೇಳಿದಾಗ ಲೇಶೋ ನಿಜ ಹೇಳಿದ್ದೇ ತಪ್ಪಾಯಿತು.

"ಈ ಗುಡ್ಡಕ್ಕೆ ಅರವತ್ತು, ದೊಡ್ಡಮ್ಮ."

"ಅರವತ್ತಾ! ನಂಗೇ ಇನ್ನೂ ಅರವತ್ತು ತುಂಬಿಲ್ವಲ್ಲೋ!"

"ಅರವತ್ತೆರಡು ಕಣೇ ನಿಂಗೆ," ಎಂದಳು ಪಕ್ಕದಲ್ಲಿದ್ದ ತಂಗಿ ಚಲಾವ್. "ವಾಂತಿ ಬಂದ್ರೆ ವಯಸ್ಸು ಕಮ್ಮಿ ಆಗಲ್ಲ."

ಅಕ್ಕ, ತಂಗಿ, ತಂಗಿಯ ಗಂಡ ಖಮ್ರೋನ್ ಮೂವರೂ ಸೇರಿ ದೂರದ ಬಯಲಿನ ಆಯುತ್ಥಯಾ ಪೇಟೆಯಲ್ಲಿ ನೂಡಲ್ಸ್ ಅಂಗಡಿ ನಡೆಸುವವರು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಅಂಗಡಿಗೆ ಬೀಗ ಹಾಕಿ, ನಾಲ್ಕು ದಿನದ ಗುಡ್ಡಗಾಡಿನ ಪ್ರವಾಸಕ್ಕೆ ಹೊರಟಿದ್ದರು. ಲೇಶೋ ಅವರ ಚಾಲಕನೂ ಹೌದು, ದಾರಿ ತೋರಿಸುವವನೂ ಹೌದು. ಈ ಗುಡ್ಡಗಳ ಅಖಾ ಬುಡಕಟ್ಟಿನವನು, ಇಪ್ಪತ್ತೊಂಬತ್ತು ವರ್ಷ, ಮೊಣಕಾಲಿನಿಂದ ಸ್ಟೀರಿಂಗ್ ಹಿಡಿದು ಕಿತ್ತಳೆ ಸುಲಿಯಬಲ್ಲವನು. ಆದರೆ ಈ ಸಲ ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು, ತುಟಿ ಮಾತ್ರ ಅಲ್ಲಾಡುತ್ತಿತ್ತು.

ಮುಂದೆ ಕೂತಿದ್ದ ಖಮ್ರೋನ್ ನಾಲ್ಕು ತಿರುವು ಅವನ ತುಟಿಯನ್ನೇ ನೋಡಿ ಐದನೆಯದಕ್ಕೆ ಬಾಯಿಬಿಟ್ಟ. "ಏನಪ್ಪಾ, ಒಂದೊಂದು ತಿರುವಿಗೂ ಏನೋ ಜಪ ಮಾಡ್ತಿದ್ದೀಯ? ಬ್ರೇಕ್ ಸರಿ ಇದೆ ತಾನೆ?"

"ಬ್ರೇಕ್ ಚೆನ್ನಾಗಿದೆ ಚಿಕ್ಕಪ್ಪ. ಅದು ನಮ್ಮ ಅಜ್ಜಂದಿರ ಹೆಸರು."

"ಯಾವ ಅಜ್ಜಂದಿರು?"

"ಎಲ್ಲಾ ಅಜ್ಜಂದಿರೂ."

ಹೇಳದೆ ವಿಧಿಯಿರಲಿಲ್ಲ. ಬ್ರೇಕಿನ ಮೇಲೆ ಅನುಮಾನ ಬಂದ ಗಿರಾಕಿಯನ್ನು ಸುಮ್ಮನೆ ಬಿಡಬಾರದೆಂಬುದು ಈ ಕಸುಬಿನ ಮೊದಲ ಪಾಠ. ಹಾಗಾಗಿ ಲೇಶೋ ಆರನೇ ತಿರುವಿನಿಂದ ಹತ್ತನೇ ತಿರುವಿನೊಳಗೆ ತನ್ನ ಕಥೆಯನ್ನೆಲ್ಲ ಬಿಚ್ಚಿದ.

ಈ ಗುಡ್ಡದ ನೆತ್ತಿಯಲ್ಲಿ ಲೋಮಾ ಎಂಬ ಊರು. ಅಲ್ಲಿ ಬುಸೇ ಎಂಬ ಹುಡುಗಿ. ಬುಸೇಗೆ ತಂದೆಯಿಲ್ಲ, ಮನೆಯ ಮಾತೆಲ್ಲ ಅಜ್ಜ ಶಾಗೋನದು. ಹೋದ ವರ್ಷ ಲೇಶೋ ಅಕ್ಕಿಯ ಸಾರಾಯಿ, ಹಂದಿಯ ತೊಡೆ ಹಿಡಿದು ಹೆಣ್ಣು ಕೇಳಲು ಹೋಗಿದ್ದ. ಅಜ್ಜ ಮಾಂಸ ತಿಂದ, ಸಾರಾಯಿ ಕುಡಿದ, ಮೀಸೆ ಒರೆಸಿಕೊಂಡು, "ಈಗ ನಿನ್ನ ವಂಶ ಹೇಳು," ಎಂದ. ಮೊದಲ ಮನುಷ್ಯ ಸುಮ್ಮಿಓನಿಂದ ಹಿಡಿದು ತನ್ನವರೆಗೆ ಗಂಡು ಸಂತತಿಯ ಹೆಸರುಗಳನ್ನು ತಡವರಿಸದೆ ಹೇಳಬಲ್ಲವನೇ ಅಖಾ ಗಂಡಸು. ಎರಡು ಮನೆಯ ಬಳ್ಳಿ ಎಲ್ಲಿ ಕವಲೊಡೆಯಿತೆಂದು ಅದರಿಂದಲೇ ತಿಳಿಯಬೇಕು. ಏಳು ತಲೆಮಾರಿನ ಒಳಗೆ ಒಬ್ಬನೇ ಅಜ್ಜ ಸಿಕ್ಕಿದರೆ ಮದುವೆಯಿಲ್ಲ. ಲೇಶೋ ಪೇಟೆಯ ಹಾಸ್ಟೆಲಿನಲ್ಲಿ ಬೆಳೆದವನು. ಎಂಟು ಹೆಸರು ಹೇಳಿ, ಒಂಬತ್ತನೆಯದಕ್ಕೆ ಸೋದರಮಾವನ ಹೆಸರು ಸೇರಿಸಿಬಿಟ್ಟಿದ್ದ.

"ಅಜ್ಜ ಏನಂದ?" ಚಲಾವ್ ಸೀಟಿನ ತುದಿಗೆ ಬಂದಿದ್ದಳು.

"'ಯಾವ ಪೆಟ್ರೋಲ್ ಬಂಕ್ ಎಷ್ಟು ದೂರ ಅಂತ ಗೊತ್ತು, ಯಾವ ಹೊಟ್ಟೇಲಿ ಹುಟ್ಟಿ ಬಂದೆ ಅಂತ ಗೊತ್ತಿಲ್ಲ. ಹೋಗು, ಹಗ್ಗ ಇಲ್ಲದ ಎಮ್ಮೆಗೆ ನಾನು ಹೆಣ್ಣು ಕೊಡಲ್ಲ' ಅಂದ."

ಅಜ್ಜ ಕೊಟ್ಟ ಗಡುವು ಒಂದು ವರ್ಷ. ಅದು ನಾಡಿದ್ದಿಗೆ ಮುಗಿಯುತ್ತಿತ್ತು. ಲೇಶೋ ಸೋತರೆ ಮಾಯ್ ಸಾಯಿಯಲ್ಲಿ ಫೋನ್ ಅಂಗಡಿ ಇಟ್ಟವನೊಬ್ಬನ ಕಡೆಯವರು ಸಾರಾಯಿ ಹಿಡಿದು ಬರುವುದೆಂದು ಮಾತಾಗಿತ್ತು. ಬುಸೇ ಇದನ್ನು ಲೇಶೋಗೆ ತಾನೇ ತಿಳಿಸಿದ್ದಳು: "ಈ ಸಲ ತಪ್ಪಿದ್ರೆ ನಾನೂ ಹೋಗಿಬಿಡ್ತೀನಿ ನೋಡು. ಅವನಿಗೆ ಊರಿನವರ ಫೋನ್ ನಂಬರ್ ಎಲ್ಲಾ ಬಾಯಿಪಾಠವಂತೆ." ಹೇಳಿ ನಕ್ಕಿದ್ದಳು, ಆದರೆ ನಗುವಾಗ ಅವನ ಮುಖ ನೋಡಿರಲಿಲ್ಲ.

ಪುಸ್ತಕ ಹಿಡಿದು ಕಲಿಯಲು ಲೇಶೋಗೆ ಬರುತ್ತಿರಲಿಲ್ಲ. ಅವನಿಗೆ ಬರುತ್ತಿದ್ದುದು ದಾರಿ. ಕೋಕ್ ನದಿಯ ಸೇತುವೆಯಿಂದ ಲೋಮಾದ ಹೆಬ್ಬಾಗಿಲವರೆಗೆ ತಿರುವು ಎಣಿಸಿದ, ಅರವತ್ತು. ಅಜ್ಜಂದಿರನ್ನು ಎಣಿಸಿದ, ತನ್ನನ್ನೂ ಸೇರಿಸಿ ಅರವತ್ತು. ಒಂದೊಂದು ತಿರುವಿಗೆ ಒಬ್ಬೊಬ್ಬ ಅಜ್ಜನನ್ನು ಕೂರಿಸಿದ. ಸೇತುವೆಯ ಬಳಿಯ ಮೊದಲ ತಿರುವಿನಲ್ಲಿ ಸುಮ್ಮಿಓ, ಬಾಳೆತೋಟದ ಪಕ್ಕ ಓಥೋಲೇ, ಮುರಿದ ಮೈಲಿಗಲ್ಲಿಗೆ ಥೋಲೇಜಾ. ಅಪ್ಪನ ಹೆಸರಿನ ಬಾಲ ಹಿಡಿದು ಮಗನ ಹೆಸರು ಹುಟ್ಟುತ್ತದೆ, ಆನೆಯ ಬಾಲ ಹಿಡಿದು ಮರಿಯಾನೆ ನಡೆದ ಹಾಗೆ. ವರ್ಷವಿಡೀ ಗಿರಾಕಿಗಳನ್ನು ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ, ವಂಶವೆಲ್ಲ ಸ್ಟೀರಿಂಗಿನೊಳಗೆ ಇಳಿದಿತ್ತು.

"ನೀನು ಜೋರಾಗೇ ಹೇಳಪ್ಪಾ," ಎಂದಳು ರಂಪಾ ದೊಡ್ಡಮ್ಮ ಕಣ್ಣು ತೆರೆಯದೆಯೇ. "ನಾನೂ ಹೇಳ್ತೀನಿ. ಬಾಯಿಗೆ ಕೆಲಸ ಇದ್ರೆ ಹೊಟ್ಟೆ ಸುಮ್ನಿರುತ್ತೆ."

ಹಾಗೆ ಶುರುವಾಯಿತು. ಲೇಶೋ ಹೇಳುವುದು, ಮೂವರೂ ಕೂಗುವುದು. ಎಡ ತಿರುವಿಗೆ ಎಡಕ್ಕೆ ವಾಲಿ ಒಬ್ಬ ಅಜ್ಜ, ಬಲ ತಿರುವಿಗೆ ಬಲಕ್ಕೆ ವಾಲಿ ಇನ್ನೊಬ್ಬ. ವ್ಯಾನು ನಿಜವಾಗಿ ಎಳೆಯುವುದು ಆ ಕಡೆಗಲ್ಲ, ಆದರೆ ದೊಡ್ಡಮ್ಮ ಹಟ ಹಿಡಿದು ತಿರುವಿನ ಕಡೆಗೇ ವಾಲುತ್ತಿದ್ದಳು. ಅದರಿಂದ ವಾಂತಿ ನಿಲ್ಲುತ್ತದೆಂದು ಅವಳಿಗೆ ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಅಕ್ಕ ವಾಲಿದ ಮೇಲೆ ತಂಗಿ ವಾಲದೆ ಇರುತ್ತಾಳೆಯೇ? ಹೆಂಡತಿ ವಾಲಿದ ಮೇಲೆ ಖಮ್ರೋನ್ ನೆಟ್ಟಗೆ ಕೂರಲು ಧೈರ್ಯ ಬೇಕು. ಎದುರಿಗೆ ಬಂದ ತರಕಾರಿ ಲಾರಿಯವನು ಮೂರು ಮುದಿತಲೆಗಳು ಒಟ್ಟಿಗೆ ಎಡಕ್ಕೆ ಬೀಳುವುದನ್ನು ಕಂಡು ಲಾರಿಯನ್ನೇ ನಿಲ್ಲಿಸಿಬಿಟ್ಟ.

ಮೂವತ್ತೇಳು, ಮೂವತ್ತೆಂಟನೆಯ ತಿರುವುಗಳು ಅವಳಿಜವಳಿ. ಎಡಕ್ಕೆ ಹೋಗಿ ಉಸಿರು ಬಿಡುವಷ್ಟರಲ್ಲಿ ಬಲಕ್ಕೆ ಹಾವಿನಂತೆ ಹೊರಳುತ್ತವೆ. ಅಲ್ಲಿ ದೊಡ್ಡಮ್ಮನ ಮಡಿಲಿನಲ್ಲಿದ್ದ ಉಪ್ಪು ಹಾಕಿದ ಪ್ಲಮ್ ಹಣ್ಣಿನ ಜಾಡಿ ಜಾರಿತು. ಹಣ್ಣುಗಳೆಲ್ಲ ಉರುಳಿ ಲೇಶೋನ ಕಾಲಡಿಗೆ ಬಂದವು. ಬ್ರೇಕ್ ಒತ್ತಿದರೆ ಪಚಕ್ ಎಂದಿತು. ಬೈಗುಳ ಬರಬೇಕಾದ ಜಾಗದಲ್ಲಿ ಲೇಶೋನ ಬಾಯಿಂದ ಬಂದದ್ದು, "ಮೋಜೇ! ಜೇಪಾ!"

"ಮೋಜೇ! ಜೇಪಾ!" ಎಂದು ಕೂಗಿದ ದೊಡ್ಡಮ್ಮ ಬಲಕ್ಕೆ ಹೊರಳಿ, ಜಾಡಿ ಹಿಡಿಯಲು ಕೈ ಚಾಚಿ, ತಂಗಿಯ ತೊಡೆಯ ಮೇಲೆ ಕವುಚಿ ಬಿದ್ದಳು. ವ್ಯಾನು ಹೇಗೋ ರಸ್ತೆಯಲ್ಲಿ ಉಳಿಯಿತು. ಆಮೇಲೆ ನಾಲ್ಕು ತಿರುವು ಯಾರಿಗೂ ಹೆಸರು ಹೇಳಲಾಗಲಿಲ್ಲ. ನಕ್ಕು ನಕ್ಕು ಖಮ್ರೋನನ ಕಟ್ಟಿಸಿದ ಹಲ್ಲು ಸಡಿಲವಾಗಿತ್ತು.

ಲೋಮಾದ ಹೆಬ್ಬಾಗಿಲಿನ ಮುಂದೆ ಲೇಶೋ ಒಂದು ಸಣ್ಣ ಹಾರನ್ ಹೊಡೆದು ನಿಲ್ಲಿಸದೆ ಹೋದ. ಗಡುವಿನ ದಿನ ಬಾ ಎಂದಿದ್ದ ಅಜ್ಜನಿಗೆ ಎರಡು ದಿನ ಮೊದಲೇ ಮುಖ ತೋರಿಸಿದರೆ ಅದೂ ಒಂದು ತಪ್ಪಾಗಬಹುದು. ಚಹಾ ಗಿಡಗಳ ನಡುವೆ ಬುಟ್ಟಿ ಹೊತ್ತ ಹುಡುಗಿಯೊಬ್ಬಳು ತಲೆಯೆತ್ತಿ, ಐದು ಬೆರಳು ಬಿಚ್ಚಿ ಮುಚ್ಚಿ ಮತ್ತೆ ಬಿಚ್ಚಿ ತೋರಿಸಿದಳು.

"ಏನಂತೆ?" ಎಂದಳು ಚಲಾವ್.

"ಎಷ್ಟು ಹೆಸರು ಬರುತ್ತೆ ಅಂತ ಕೇಳ್ತಿದ್ದಾಳೆ."

ಮೂವರೂ ಕಿಟಕಿಗಳಿಂದ ಕೈ ಹೊರಹಾಕಿ ಬೆರಳುಗಳನ್ನು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ತೋರಿಸಿದರು. ಬುಸೇ ಬುಟ್ಟಿಯನ್ನೇ ಮುಖಕ್ಕೆ ಅಡ್ಡ ಹಿಡಿದಳು.

ರಾತ್ರಿ ಮೇಲಿನ ಚಹಾ ಪೇಟೆಯಲ್ಲಿ ಉಳಿದುಕೊಂಡು, ಎರಡನೇ ದಿನ ಇಳಿದರು. ನದಿಯಾಚೆ ಲಾಹು ಜನರ ಊರು, ಬಿಸಿನೀರಿನ ಬುಗ್ಗೆ, ಅದರಲ್ಲಿ ಕುದಿಸಿದ ಮೊಟ್ಟೆ. ಇಳಿಯುವಾಗ ವಂಶ ಹಿಮ್ಮುಖವಾಗಿ ಓಡಿತು. ಲೇಶೋನಿಂದ ಅವನಪ್ಪ ಜೇಲೇ ಹುಟ್ಟಿದ, ಜೇಲೇಯಿಂದ ಅವನಪ್ಪ ಹುಟ್ಟಿದ. "ನಮ್ಮ ಅಂಗಡೀಲೂ ಹಿಂಗೇ," ಎಂದ ಖಮ್ರೋನ್. "ಮಗನೇ ಅಪ್ಪನಿಗೆ ಬುದ್ಧಿ ಹೇಳೋದು." ಸಂಜೆಯ ಹೊತ್ತಿಗೆ ದೊಡ್ಡಮ್ಮ ಮೀನು ಮಾರುವವಳಿಗೂ ನಾಲ್ಕು ಅಜ್ಜಂದಿರನ್ನು ಕಲಿಸಿಯಾಗಿತ್ತು.

ಮೂರನೇ ದಿನ ಬೆಳಿಗ್ಗೆ ಲೇಶೋ ಕಪ್ಪು ಅಂಗಿ ಹಾಕಿದ, ಅವನ ತಾಯಿ ಕೆಂಪು ನೂಲಿನಿಂದ ಅಂಚು ಹೊಲಿದದ್ದು. "ಇವತ್ತು ಕೂಗೋದು ಬೇಡ," ಎಂದ. "ಬೆಂದ ಅನ್ನನ ಮತ್ತೆ ಬೇಯಿಸಬಾರದು. ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂತರು. ಮೂವತ್ತಾರನೇ ತಿರುವು ದಾಟಿದ ಮೇಲೆ ರಸ್ತೆ ಕೆಲಸದ ಕೆಂಪು ಕೋನುಗಳು ಸಾಲಾಗಿ ನಿಂತಿದ್ದವು. ಹಳೆಯ ಹಾವಿನ ಹಾದಿಗೆ ಅಡ್ಡವಾಗಿ ಬಿದಿರು ಕಟ್ಟಿದ್ದರು. ತಿಂಗಳುಗಟ್ಟಲೆ ಗುಡ್ಡ ಕಡಿಯುತ್ತಿದ್ದ ರಸ್ತೆಯವರು ಅಂದೇ ಹೊಸ ದಾರಿ ತೆರೆದಿದ್ದರು. ನೆಟ್ಟಗೆ, ಕಪ್ಪಗೆ, ಬಾಣಲೆಯಿಂದ ಆಗ ತಾನೆ ಇಳಿಸಿದಂತೆ ಹೊಳೆಯುವ ದಾರಿ. ವ್ಯಾನು ಸುಂಯ್ ಎಂದು ಓಡಿತು. ಮೂವರೂ "ಹೋ!" ಎಂದು ಖುಷಿಯಿಂದ ಕೂಗಿದರು. ಹೊಟ್ಟೆ ತಿರುಗದ ಅರ್ಧ ನಿಮಿಷ ದೊಡ್ಡಮ್ಮನ ಪಾಲಿಗೆ ಸ್ವರ್ಗ.

ಲೇಶೋಗೆ ಮಾತ್ರ ಬಾಗಿಲು ತೆರೆದಿಟ್ಟು ಮನೆಯಿಂದ ಹೊರಟವನ ಹಾಗೆ ಏನೋ ಒಂದು ಕಸಿವಿಸಿ. ಏನೆಂದು ತಿಳಿಯುವಷ್ಟರಲ್ಲಿ ಮೂವತ್ತೊಂಬತ್ತನೇ ತಿರುವು ಬಂದಿತ್ತು.

ಮುಟ್ಟಿದರೆ ದೋಷವೆನ್ನುವ ಹೆಬ್ಬಾಗಿಲ ಕಂಬಗಳಿಗೆ ಕೈ ತಾಗಿಸದೆ ನಡುವೆ ನಡೆದು ಊರು ಸೇರಿದರು. ಶಾಗೋ ಅಜ್ಜನ ಮನೆಯಲ್ಲಿ ಗಂಡಸರು ಕೂರುವ ಭಾಗದಲ್ಲಿ ಒಲೆ ಉರಿಯುತ್ತಿತ್ತು. ಅತಿಥಿಗಳೆಂದು ಅಕ್ಕತಂಗಿಯರಿಗೂ ಅಲ್ಲೇ ಮಣೆ ಹಾಕಿದರು. ಕಡಲೆಕಾಯಿ ಟೊಮೆಟೊ ಖಾರದ ಚಟ್ನಿ, ಬೇಯಿಸಿದ ಕುಂಬಳ, ಗುಡ್ಡದ ಅಕ್ಕಿಯ ಅನ್ನ. ನೂಡಲ್ಸಿನವರು ಚಟ್ನಿಗೆ ಮನಸೋತು ಎರಡೆರಡು ಸಲ ಬಡಿಸಿಕೊಂಡರು. ಲೇಶೋಗೆ ತುತ್ತು ಇಳಿಯಲಿಲ್ಲ. ಬೆಳ್ಳಿ ಗುಂಡುಗಳ ಟೋಪಿ ತೊಟ್ಟ ಬುಸೇ ಚಹಾ ಸುರಿಯುತ್ತ ಪಿಸುಗುಟ್ಟಿದಳು, "ತಿನ್ನು. ಖಾಲಿ ಹೊಟ್ಟೇಲಿ ಅಜ್ಜಂದಿರು ನಿಲ್ಲಲ್ಲ."

ಅಜ್ಜ ಊಟ ಮುಗಿಸಿ ಜೋಳದ ಕಾಳುಗಳನ್ನು ಅಂಗೈಗೆ ಸುರಿದುಕೊಂಡ. ಮುಂದೆ ಹಿತ್ತಾಳೆಯ ಬಟ್ಟಲು. "ಅರವತ್ತು ಕಾಳು. ಒಂದು ಹೆಸರಿಗೆ ಒಂದು ಬೀಳುತ್ತೆ. ನಡುವೆ ಯಾರೂ ಬಾಯಿ ತೆರೆಯಬಾರದು. ತೆರೆದ್ರೆ ಮಿಕ್ಕ ಕಾಳು ಕೋಳಿಗೆ." ಅವನು ನೋಡಿದ್ದು ಮೊಮ್ಮಗಳನ್ನು. ಆಮೇಲೆ ಕಣ್ಣು ಮುಚ್ಚಿದ.

ಲೇಶೋನೂ ಕಣ್ಣು ಮುಚ್ಚಿದ. ಮನಸ್ಸಿನಲ್ಲಿ ಗೇರ್ ಹಾಕಿದ, ಸೇತುವೆ ದಾಟಿದ. "ಸುಮ್ಮಿಓ. ಓಥೋಲೇ. ಥೋಲೇಜಾ." ಟಣ್, ಟಣ್, ಟಣ್. ಕಾಳು ಬೀಳುವ ಸದ್ದು ಹದವಾಗಿ ನಡೆಯಿತು. ಬಾಳೆತೋಟ, ಮೈಲಿಗಲ್ಲು, ಹಂದಿಗೂಡು, ದೇವರ ಮರ. ಹತ್ತು, ಇಪ್ಪತ್ತು, ಮೂವತ್ತು. ಬುಸೇಯ ಅಜ್ಜಿ ನೂಲುವುದನ್ನು ನಿಲ್ಲಿಸಿದ್ದಳು.

"ತೂಹೂ. ಹೂಮೋ."

ಟಣ್. ಟಣ್.

"ಮೋ..."

ಮನಸ್ಸಿನ ವ್ಯಾನು ನೆಟ್ಟನೆಯ ಕಪ್ಪು ರಸ್ತೆಯ ಮೇಲೆ ಸುಂಯ್ ಎಂದು ಓಡಿತು. ಅಕ್ಕಪಕ್ಕ ಯಾರೂ ಇಲ್ಲ. ಒಂದು ಕಲ್ಲಿಲ್ಲ, ಗಿಡವಿಲ್ಲ. ಇಬ್ಬರು ಅಜ್ಜಂದಿರನ್ನು ಬುಲ್ಡೋಜರ್ ನುಂಗಿತ್ತು. ಮೂವತ್ತೊಂಬತ್ತನೆಯವನು ಪಾಗೂ ಎಂಬುದು ಗೊತ್ತು, ಆದ್ದರಿಂದ ಅವನ ಅಪ್ಪನ ಹೆಸರಿನ ಬಾಲದಲ್ಲಿ ಪಾ ಇರಬೇಕು. ನಡುವಿನ ಗಂಟು ಯಾವುದು? ಮೋಲಾ? ಮೋತೂ? ಮೋಬೇ? ಯಾವುದಾದರೂ ಒಂದು ಹೇಳಿಬಿಡಲೇ? ಬೇರೆ ಯಾರದೋ ಅಜ್ಜನನ್ನು ತಂದು ತನ್ನ ಮನೆಯಲ್ಲಿ ಕೂರಿಸಿದಂತಾಗುತ್ತದೆ. ಹೋದ ವರ್ಷ ಮಾಡಿದ್ದೂ ಅದನ್ನೇ.

ಅಜ್ಜನ ಬೆರಳಿನ ನಡುವೆ ಕಾಳು ಹಾಗೇ ನಿಂತಿತ್ತು. "ಈ ಕಾಳು ಬೆವರೋ ತನಕ ಕಾಯ್ತೀನಿ," ಎಂದ ಅವನು, ಕಣ್ಣು ತೆರೆಯದೆ.

ಲೇಶೋ ಕಣ್ಣು ತೆರೆದ. ಮೊದಲು ಕಂಡದ್ದು ಬುಸೇಯ ಮುಖ. ಅವಳು ನಗುತ್ತಿರಲಿಲ್ಲ. ಚಹಾದ ಕೆಟಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಅದು ಸುಡುತ್ತಿರಬೇಕು, ಅವಳಿಗೆ ತಿಳಿದಂತಿರಲಿಲ್ಲ. ಅವಳ ಹಿಂದೆ, ಮಣೆಗಳ ಮೇಲೆ, ಆಯುತ್ಥಯಾದ ಮೂವರು.

ಮೂವರೂ ಕಣ್ಣು ಮುಚ್ಚಿದ್ದರು. ಮೂವರೂ ಎಡಕ್ಕೆ ವಾಲಿದ್ದರು.

ಮೊದಲನೇ ಹೆಸರಿನಿಂದಲೇ ವಾಲುತ್ತಿದ್ದರೇನೋ, ಅವನು ನೋಡಿರಲಿಲ್ಲ. ಎರಡು ದಿನ ವ್ಯಾನಿನಲ್ಲಿ ಕಲಿತ ಮೈ, ಹೆಸರು ಕೇಳಿದರೆ ಸುಮ್ಮನಿರುವುದಿಲ್ಲ. ಬಾಯಿಗೆ ಬೀಗ ಬಿದ್ದಿತ್ತು, ಸೊಂಟಕ್ಕೆ ಬಿದ್ದಿರಲಿಲ್ಲ. ಲೇಶೋ ನಿಂತುಬಿಟ್ಟರೂ ಅವರೊಳಗಿನ ವ್ಯಾನು ನಿಂತಿರಲಿಲ್ಲ. ನೋಡುತ್ತಿದ್ದಂತೆ ಅವರು ಎಡದಿಂದ ಎದ್ದರು, ಉಸಿರು ಬಿಡುವಷ್ಟರಲ್ಲಿ ಬಲಕ್ಕೆ ಹೊರಳಿದರು. ರಂಪಾ ದೊಡ್ಡಮ್ಮ ಕಾಣದ ಜಾಡಿಯೊಂದನ್ನು ಹಿಡಿಯಲು ಕೈ ಚಾಚಿ, ಮಣೆಯಿಂದ ಜಾರಿ, ತಂಗಿಯ ತೊಡೆಯ ಮೇಲೆ ಸದ್ದಿಲ್ಲದೆ ಕವುಚಿ ಬಿದ್ದಳು.

ಲೇಶೋನ ಕಾಲಡಿಯಲ್ಲಿ ಏನೋ ಪಚಕ್ ಎಂದಂತಾಯಿತು. ಉಪ್ಪು ಹುಳಿಯ ವಾಸನೆ ಮೂಗಿಗೆ ಬಡಿಯಿತು.

"ಮೋಜೇ!" ಎಂದು ಅವನು ಮನೆಯ ಸೂರಿನ ಹುಲ್ಲು ಹಾರುವಂತೆ ಕೂಗಿದ. "ಜೇಪಾ! ಪಾಗೂ!"

ಟಣ್, ಟಣ್, ಟಣ್. ಆಮೇಲೆ ತಡೆಯುವವರಿಲ್ಲ. ನಲವತ್ತು, ಐವತ್ತು, ಅಜ್ಜ ಕಾಳು ಬಿಡುವುದಕ್ಕಿಂತ ಬೇಗ ಅಜ್ಜಂದಿರು ಬಂದರು. "ಜೇಲೇ. ಲೇಶೋ!" ಕೊನೆಯ ಕಾಳು ಬಿತ್ತು. ಅಂಗೈ ಖಾಲಿ.

ಅಜ್ಜ ಕಣ್ಣು ತೆರೆದ, ಆದರೆ ಬಟ್ಟಲು ನೋಡಲಿಲ್ಲ. ತಂಗಿಯ ತೊಡೆಯ ಮೇಲಿಂದ ಮೆಲ್ಲನೆ ಏಳುತ್ತಿದ್ದ ದೊಡ್ಡಮ್ಮನನ್ನು ನೋಡಿದ.

"ಆಯಮ್ಮ ಯಾಕೆ ಬಿದ್ಲು?"

ಹೊಗೆಗೆ ತಲೆ ತಿರುಗಿತು ಎನ್ನಬಹುದಿತ್ತು. ಗೈಡಿನ ಬಾಯಲ್ಲಿ ಅಂಥ ಸುಳ್ಳು ಬೇಕಾದಷ್ಟಿರುತ್ತದೆ. ಲೇಶೋ ಬುಸೇಯನ್ನು ನೋಡಿದ, ನಿಜವನ್ನೇ ಹೇಳಿದ. ತಿರುವು, ಪ್ಲಮ್ ಹಣ್ಣು, ಬಿದಿರು ಅಡ್ಡ ಕಟ್ಟಿದ ಹಳೆಯ ರಸ್ತೆ, ಎಲ್ಲ. "ಇಬ್ಬರು ತಪ್ಪಿಸಿಕೊಂಡಿದ್ರು ಅಜ್ಜ. ಇವರು ವಾಲಿದ್ದಕ್ಕೆ ಸಿಕ್ಕಿದ್ರು."

ಅಜ್ಜ ಮೀಸೆಯ ತುದಿ ಜಗಿದ.

"ನಾನು ಬಾಯಿ ತೆರೀಬಾರದು ಅಂದಿದ್ದೆ," ಎಂದ ಕೊನೆಗೆ. "ಬೀಳಬಾರದು ಅಂದಿರ್ಲಿಲ್ಲ."

ಒಲೆಯಾಚೆಯಿಂದ ಅಜ್ಜಿ ಗೊಳ್ಳೆಂದು ನಕ್ಕಳು. "ಇವನು ಮಾತ್ರ ಹೆಂಗೆ ಕಲ್ತಿದ್ದ ಅಂದ್ಕೊಂಡ್ರಿ? ಕಾಲುಹಾದೀಲಿ ಹೇಸರಗತ್ತೆ ಹಿಂದೆ ನಡೀತಾ ಕಲ್ತಿದ್ದು. ನಮ್ಮ ಹನ್ನೆರಡನೇ ಅಜ್ಜ ಹೇಸರಗತ್ತೆ ಉಚ್ಚೆ ಹೊಯ್ಯೋ ಕಲ್ಲಿನ ಹತ್ರ ಇದ್ದಾನೆ!"

"ಸುಮ್ನಿರೇ!" ಎಂದ ಅಜ್ಜನ ಕಿವಿ ಕೆಂಪಾಗಿತ್ತು. ಲೇಶೋ ಕಡೆ ತಿರುಗಿದ. "ನಿಮ್ಮೋರೂ ನಮ್ಮೋರೂ ಪಾಗೂ ಆದ್ಮೇಲೆ ಬೇರೆ ಆದ್ರು. ಇಪ್ಪತ್ತು ತಲೆಮಾರು ದಾಟಿದೆ, ತೊಂದರೆ ಇಲ್ಲ. ಸಾರಾಯಿ ತಂದಿದ್ದೀಯೋ, ಬರೀ ಅಜ್ಜಂದಿರನ್ನ ತಂದಿದ್ದೀಯೋ?"

ಬುಸೇ ಕೆಟಲನ್ನು ಥಟ್ಟನೆ ಕೆಳಗಿಟ್ಟು ಅಂಗೈ ಊದಿಕೊಂಡಳು. "ಲೇ ಎಮ್ಮೆ," ಎಂದಳು ಲೇಶೋಗೆ, "ನಿನ್ನಿಂದ ನನ್ನ ಕೈ ಸುಟ್ಟೋಯ್ತು ನೋಡು." ಈ ಸಲ ಅವನ ಮುಖ ನೋಡಿಯೇ ನಕ್ಕಳು.

ನಾಲ್ಕನೇ ದಿನ ಬೆಳಿಗ್ಗೆ ವ್ಯಾನು ಇಳಿಯಲು ಹೊರಟಾಗ ಶಾಗೋ ಅಜ್ಜ ಬಂದು ಮುಂದಿನ ಸೀಟಿನಲ್ಲಿ ಕೂತ. ಖಮ್ರೋನ್ ಹಿಂದೆ ಸರಿಯಬೇಕಾಯಿತು. ಬುಸೇಯೂ ಹತ್ತಿದಳು, ಅಜ್ಜನನ್ನು ವಾಪಸು ಕರೆತರಲು ಯಾರಾದರೂ ಬೇಕಲ್ಲ ಎಂಬ ನೆಪ ಹೇಳಿ. ಅಜ್ಜನಿಗೆ ತಾನು ಕಾಣದ ಆ ಇಬ್ಬರನ್ನು ನೋಡಬೇಕಿತ್ತಂತೆ.

ಲೇಶೋನಿಂದ ಶುರುವಾಗಿ ಜೇಲೇ, ಜೇಲೇಯ ಅಪ್ಪ ಎಂದು ಹಿಮ್ಮುಖವಾಗಿ ಕೂಗುತ್ತ ಇಳಿದರು. ಇಪ್ಪತ್ತೊಂದು ತಿರುವಿಗೂ ಅಜ್ಜ ಬಿಗುವಾಗಿ ನೆಟ್ಟಗೆ ಕೂತಿದ್ದ. ಪಾಗೂ ದಾಟಿತು, ಇಪ್ಪತ್ತೆರಡನೆಯದು. ಹೊಸ ರಸ್ತೆ ಬಂತು, ನೆಟ್ಟಗೆ, ಕಪ್ಪಗೆ.

"ಇಲ್ಲೇನೋ?"

"ಇಲ್ಲೇ ಅಜ್ಜ. ಈ ಬಲಗಡೆ ಬಿದಿರಿನ ಆಚೆ."

"ನಿಧಾನ ಮಾಡು." ಅಜ್ಜ ಡ್ಯಾಶಿನ ಮೇಲೆ ಕೈ ಊರಿದ. "ಹಿರಿಯರು ಕೂತಿರೋ ಜಾಗದಲ್ಲಿ ಹಿಂಗೆ ಸುಂಯ್ ಅಂತ ಹೋಗ್ತಾರೇನೋ? ಎಲ್ಲಾ ವಾಲ್ರಿ!"

ಹಿಂದಿನಿಂದ ಬರುತ್ತಿದ್ದ ತರಕಾರಿ ಲಾರಿಯವನು ಹಾರನ್ ಮೇಲೆ ಕೈಯಿಟ್ಟವನು ಒತ್ತದೆ ಹಾಗೇ ಬಿಟ್ಟ. ನೂಲು ಹಿಡಿದು ಎಳೆದಷ್ಟು ನೆಟ್ಟನೆಯ ರಸ್ತೆಯಲ್ಲಿ ಆಮೆಯಂತೆ ತೆವಳುತ್ತಿದ್ದ ವ್ಯಾನಿನೊಳಗೆ ಆರು ತಲೆಗಳು ಒಟ್ಟಿಗೆ ಎಡಕ್ಕೆ ವಾಲಿದವು, ಒಟ್ಟಿಗೆ ಬಲಕ್ಕೆ ಹೊರಳಿದವು. ಒಂದು ಪ್ಲಮ್ ಹಣ್ಣು ಕಿಟಕಿಯಿಂದ ಹೊರಗೆ ಹಾರಿ ಬಿದಿರಿನಾಚೆ ಬಿತ್ತು. ಎಸೆದವಳು ರಂಪಾ ದೊಡ್ಡಮ್ಮ.

"ತಿನ್ಲಿ ಪಾಪ," ಎಂದಳು. "ಅಲ್ಲಿ ಇನ್ಮೇಲೆ ಯಾರೂ ಬರಲ್ವಲ್ಲ, ಇಬ್ರೇ ಇರ್ತಾರೆ."